ಕಂದದ ಆರನೇ ಗಣ

ತುಮಕೂರು, 2 ಮಾರ್ಚ್ 2025, ಭಾನುವಾರ

ಶಿವರಾತ್ರಿ ಕಳೆಯಿತು. ಗುಬ್ಬಿ, ಕುಣಿಗಲ್, ತುರುವೇಕೆರೆ ಕಡೆಯ ಹಳ್ಳಿಗಳಲ್ಲಿ ಪೌರಾಣಿಕ ನಾಟಕಗಳ ತಾಲೀಮು ಜೋರಾಗಿದೆ. ಇನ್ನು ಒಂದಲ್ಲ ಒಂದು ಊರಲ್ಲಿ ರಾತ್ರಿಯಿಡೀ ಕುರುಕ್ಷೇತ್ರ. 1884ರಲ್ಲಿ ಗುಬ್ಬಿ ನಾಟಕ ಕಂಪನಿ ಹುಟ್ಟಿದ ಜಿಲ್ಲೆ ಇದು. ರಂಗಗೀತೆ ಕೇಳುವ ಕಿವಿ ಇಲ್ಲಿ ಇನ್ನೂ ಚುರುಕಾಗಿದೆ. ಶಿಳ್ಳೆ ಬೀಳುವ, ‘ಒನ್ಸ್ ಮೋರ್’ ಕೂಗು ಏಳುವ ಜಾಗಗಳು ಎಲ್ಲಿರುತ್ತವೆ, ಯಾಕೆ ಅಲ್ಲೇ ಇರುತ್ತವೆ ಅನ್ನುವುದನ್ನು ಇವತ್ತು ಬರೆದಿಡುತ್ತೇನೆ.

ಮೊದಲು ಕಂದ, ಈ ನಾಟಕಗಳಲ್ಲಿ ಪಾತ್ರಗಳು ಹಾಡುವ ನಾಲ್ಕು ಸಾಲಿನ ಪದ್ಯ. ಲಘು ಅಂದರೆ ಒಂದು ಮಾತ್ರೆಯ ಅಕ್ಷರ, ಗುರು ಅಂದರೆ ಎರಡು ಮಾತ್ರೆಯದು. ಕಂದದಲ್ಲಿ ನಾಲ್ಕು ಮಾತ್ರೆಯ ಗಣಗಳು; ಒಂದು, ಮೂರನೇ ಸಾಲಿಗೆ ಮೂರು ಗಣ, ಎರಡು, ನಾಲ್ಕನೇ ಸಾಲಿಗೆ ಐದು. 12, 20, 12, 20, ಒಟ್ಟು 64 ಮಾತ್ರೆ. ತಾಳದ ಹಂಗಿಲ್ಲದೆ ಹಾಡುವುದರಿಂದ ಎಲ್ಲಿ ನಿಲ್ಲಬೇಕು, ಎಲ್ಲಿ ಎಳೆಯಬೇಕು ಅನ್ನುವುದು ನಟನ ಕೈಯಲ್ಲಿದೆ. ಆದರೆ ಛಂದಸ್ಸೇ ಒಂದು ಜಾಗ ತೋರಿಸಿಕೊಡುತ್ತೆ. ಎರಡೆರಡು ಸಾಲಿನ ಪ್ರತಿ ಅರ್ಧದ ಆರನೇ ಗಣ ಜಗಣವೋ ಸರ್ವಲಘುವೋ (ನಾಲ್ಕೂ ಲಘು) ಆಗಿರಲೇಬೇಕು ಅನ್ನುವುದು ನಿಯಮ. ಆ ಗಣ ಬರುವುದು ಉದ್ದ ಸಾಲಿನ ಸರಿಯಾಗಿ ನಡುವೆ. ಜಗಣವಾದರೆ ಲಘು, ಗುರು, ಲಘು. ರಾಗ ಎಳೆಯಬೇಕಾದ್ದು ಆ ಗುರುವಿನ ಮೇಲೆ. ಸಾಲು ಇನ್ನೂ ಮುಗಿದಿಲ್ಲ, ಕ್ರಿಯಾಪದ ಬಂದಿಲ್ಲ, ಅರ್ಥ ಅರ್ಧಕ್ಕೇ ನಿಂತಿದೆ. ಕೇಳುವವರ ಉಸಿರು ಹಿಡಿಯುವುದು ಅದಕ್ಕೇ.

ಇಲ್ಲಿ ಒಂದು ಎಚ್ಚರ ಬೇಕು. ಆ ಗುರು ದೀರ್ಘಾಕ್ಷರವೇ ಆಗಿದ್ದರೆ ಮಾತ್ರ ಎಳೆಯಿರಿ. ಮುಂದಿನ ಒತ್ತಕ್ಷರದಿಂದ ಗುರುವಾದ ಹ್ರಸ್ವವನ್ನು ಎಳೆದರೆ ಪದ ಕೆಟ್ಟು ಅರ್ಥವೇ ಹೋಗುತ್ತೆ. ಸರ್ವಲಘು ಇದ್ದರೆ ಎಳೆಯುವುದೇ ಬೇಡ, ನಾಲ್ಕಕ್ಷರವನ್ನೂ ಬಿರ್ಕಾದಲ್ಲಿ, ಅಂದರೆ ಸರಸರನೆ ಓಡುವ ಸ್ವರಗಳಲ್ಲಿ, ಉದುರಿಸಿ ಮುಂದಕ್ಕೆ ಹೋಗಬೇಕು.

ಹೆಚ್ಚಿನ ಹವ್ಯಾಸಿಗಳು ಕೆಡುವುದು ಎತ್ತುಗಡೆಯಲ್ಲೇ. ಮೊದಲ ಸಾಲಿಗೇ ತಾರ ಷಡ್ಜಕ್ಕೆ (ಮೇಲಿನ ಸ) ಏರಿಬಿಟ್ಟರೆ ನಾಲ್ಕನೇ ಸಾಲಿಗೆ ಏರಲು ಜಾಗ ಎಲ್ಲಿದೆ? ನನ್ನ ಲೆಕ್ಕ ಹೀಗೆ: ಮೊದಲೆರಡು ಸಾಲು ಪಂಚಮದೊಳಗೆ (ಪ), ಮೂರನೇ ಸಾಲು ನಿಷಾದ (ನಿ) ಮುಟ್ಟಿ ವಾಪಸ್, ತಾರ ಷಡ್ಜ ನಾಲ್ಕನೇ ಸಾಲಿನ ನಡುಗಣಕ್ಕೆ ಮೀಸಲು. ಕರ್ಣನ ಪಾತ್ರಕ್ಕಂತೂ ಈ ತಡೆದು ಹಿಡಿಯುವಿಕೆ ಬಹಳ ಒಪ್ಪುತ್ತೆ.

ಆ ಹೊತ್ತಿಗೆ ಹಾರ್ಮೋನಿಯಂ ಮೇಷ್ಟ್ರು ಏನು ಮಾಡುತ್ತಾರೆ ಅನ್ನುವುದರ ಮೇಲೆ ಅರ್ಧ ಫಲ ನಿಂತಿದೆ. ಕಾಲಲ್ಲಿ ತುಳಿಯುವ ಪೆಟ್ಟಿಗೆಯಾದ್ದರಿಂದ ಎರಡೂ ಕೈ ಬಿಡುವಾಗಿರುತ್ತವೆ, ಬೆರಳು ಸುಮ್ಮನಿರುವುದು ಕಷ್ಟ. ಆದರೂ ಸುಮ್ಮನಿರಬೇಕು. ಹಾರ್ಮೋನಿಯಂನ ಒಂದೊಂದು ಮನೆಗೂ (ಕೀ) ಒಂದೇ ಸ್ವರ, ಸ್ವರವನ್ನು ಜಾರಿಸುವ, ತೂಗಿಸುವ ಗಮಕ ಅದರಲ್ಲಿ ಬರುವುದಿಲ್ಲ. ಮುಖಾರಿ ರಾಗದಲ್ಲಿ ಗಂಟಲು ಜಾರುತ್ತಿರುವಾಗ ಪೆಟ್ಟಿಗೆ ಮೆಟ್ಟಿಲು ಮೆಟ್ಟಿಲಾಗಿ ಹಿಂಬಾಲಿಸಿದರೆ ಆ ಜಾರು ಮುಚ್ಚಿಹೋಗುತ್ತೆ. ಷಡ್ಜ ಪಂಚಮ ಮಾತ್ರ ಹಿಡಿದು, ನಟ ಇಳಿದು ಷಡ್ಜಕ್ಕೆ ಬಂದ ಮೇಲೆ ಅದೇ ಸಂಚಾರವನ್ನು ಜವಾಬಾಗಿ ನುಡಿಸುವುದೇ ಸರಿ. ಮೈಕನ್ನು ಪೆಟ್ಟಿಗೆಯ ಬಾಯಿಗೆ ಒತ್ತಿ ಇಡುವುದನ್ನೂ ಬಿಡಬೇಕು, ನಟನ ದನಿ ಅದರಡಿ ಹೂತುಹೋಗುತ್ತೆ.

ನನಗೆ ಇನ್ನೂ ಇಷ್ಟದ್ದು ಗಂಡು ಹೆಣ್ಣು ಪಾತ್ರಗಳ ಯುಗಳದಲ್ಲಿ ಬರುವ ಶ್ರುತಿ ಬದಲಾವಣೆ. ಶ್ರುತಿ ಅಂದರೆ ಹಾಡುವವರು ಷಡ್ಜ ಮಾಡಿಕೊಳ್ಳುವ ಮನೆ. ಗಂಡಿನದು ಕಪ್ಪು ಒಂದು (ಮೊದಲ ಕಪ್ಪು ಮನೆ), ಹೆಣ್ಣಿನದು ಕಪ್ಪು ಮೂರು ಅಂತಿಟ್ಟುಕೊಳ್ಳಿ. ಕಪ್ಪು ಮೂರು ಅಂದರೆ ಕಪ್ಪು ಒಂದರ ಶುದ್ಧ ಮಧ್ಯಮ. ನಟ ತನ್ನ ಪಲ್ಲವಿಯನ್ನು ಮಧ್ಯಮದ ಮೇಲೆ ನಿಲ್ಲಿಸುತ್ತಾನೆ, ನಟಿ ಅದೇ ಸ್ವರವನ್ನು ಷಡ್ಜ ಮಾಡಿಕೊಂಡು ಎತ್ತುತ್ತಾಳೆ. ಸ್ವರ ಅಲುಗಾಡಿಲ್ಲ, ಆದರೆ ಅದರ ಸುತ್ತಲಿನ ಲೋಕವೇ ಬದಲಾಗಿದೆ. ಸಿಂಧುಭೈರವಿ ರಾಗದಲ್ಲಿ ಇದು ಸಲೀಸು. ಮೋಹನದಲ್ಲಿ ಮಧ್ಯಮವೇ ಇಲ್ಲ, ಕಲ್ಯಾಣಿಯಲ್ಲಿರುವುದು ಪ್ರತಿ ಮಧ್ಯಮ, ಅಂದರೆ ಒಂದು ಮನೆ ಮೇಲಿನದು. ಅಲ್ಲಿ ಈ ದಾಟು ಕೂರುವುದಿಲ್ಲ, ಹೊಲಿಗೆ ಬಿಟ್ಟಂತೆ ಕೇಳುತ್ತೆ.

ಮನೆಯಲ್ಲಿ ಕೀಬೋರ್ಡ್ ಇದ್ದವರು ಈ ಬಗೆಯ ಇನ್ನೊಂದನ್ನು ಈಗಲೇ ನೋಡಬಹುದು. ಕಪ್ಪು ಮೂರನ್ನು ಷಡ್ಜ ಮಾಡಿ ಬರೀ ಐದು ಕಪ್ಪು ಮನೆ ನುಡಿಸಿದರೆ ಮೋಹನ. ಅದೇ ಮನೆಗಳು, ಕಪ್ಪು ನಾಲ್ಕು ಷಡ್ಜವಾದರೆ ಮಧ್ಯಮಾವತಿ, ಕಪ್ಪು ಐದಾದರೆ ಹಿಂದೋಳ. ಬಿಳಿ ಮನೆ ಒಂದನ್ನೂ ಮುಟ್ಟಿಲ್ಲ. ಹಾಡಿನ ನಡುವೆ ಇದನ್ನು ಒಂದೇ ಒಂದು ಸಲ ತೋರಿಸಿ ಮೋಹನಕ್ಕೆ ಮರಳಬೇಕು, ಹೆಚ್ಚು ಹೊತ್ತು ನಿಂತರೆ ನಟನಿಗೆ ಶ್ರುತಿ ತಪ್ಪುತ್ತೆ.

ತಬಲಾದ್ದು ಚಿಕ್ಕ ಲೆಕ್ಕ: ಒಂದೇ ಬೋಲನ್ನು ಮೂರು ಸಲ ನುಡಿಸಿ ಪಲ್ಲವಿಗೆ ದಾರಿ ಬಿಡುವ ಮುಕ್ತಾಯ. ಎಂಟು ಮಾತ್ರೆಯ ಕೆಹರ್ವಾ ತಾಳದಲ್ಲಿ ‘ತಿಟಕತ ಗದಿಗನ ಧಾ’ ಮೂರು ಮಾತ್ರೆ. ಮೂರು ಸಲ ಅಂದರೆ ಒಂಬತ್ತು. ಸಮದಲ್ಲಿ (ತಾಳದ ಮೊದಲ ಮಾತ್ರೆ) ಎತ್ತಿದರೆ ಮೊದಲ ಧಾ ಮೂರನೇ ಮಾತ್ರೆಗೆ, ಎರಡನೆಯದು ಆರಕ್ಕೆ, ಕೊನೆಯದು ಮುಂದಿನ ಆವರ್ತದ ಸಮಕ್ಕೇ ಬಂದು ಕೂರುತ್ತೆ. ಮೊದಲೆರಡು ಧಾ ಒಂದೊಂದು ಮಾತ್ರೆ ಹೆಚ್ಚು ನಿಂತರೆ ಕೊನೆಯ ಧಾ ಸಮ ದಾಟಿ ಮೂರನೇ ಮಾತ್ರೆಗೆ ಬೀಳುತ್ತೆ, ಅಷ್ಟರಲ್ಲಿ ನಟ ಪಲ್ಲವಿ ಎತ್ತಿಬಿಟ್ಟಿರುತ್ತಾನೆ.

ಇನ್ನು ‘ಒನ್ಸ್ ಮೋರ್’ ಬಂದಾಗ ಕಂದವನ್ನು ಮೊದಲಿನಿಂದ ಹಾಡಬಾರದು. ಮೂರನೇ ಸಾಲಿನಿಂದ ಎತ್ತಿ, ನಡುಗಣಕ್ಕೆ ಈ ಸಲ ಬೇರೆ ಸಂಗತಿ (ಸ್ವರಗಳ ಬೇರೆ ಓಟ) ಹಾಕಿ ಮುಗಿಸಬೇಕು. ಬೆಳಗಿನ ಜಾವದ ಯುದ್ಧದ ಸೀನಿಗೂ ಅದೇ ಗಂಟಲು ಬೇಕು.