"ಮಗೂನ ಯಾರ ಹತ್ರ ಬಿಟ್ಟು ಹೋಗ್ತೀಯಾ?"

ಉತ್ತರ ಮೊದಲೇ ಹೇಳಿಬಿಡುತ್ತೇನೆ. ಮಗಳು ಬೆಳಿಗ್ಗೆ ಏಳೋವರೆಗೆ ಅತ್ತೆ ಪಕ್ಕ ಮಲಗಿರುತ್ತಾಳೆ. ಆಮೇಲೆ ಬೀದಿ ಕೊನೆಯ ಅಂಗನವಾಡಿ. ಅದು ಸಂಜೆ ನಾಲ್ಕಕ್ಕೆ ಮುಚ್ಚುತ್ತದೆ. ಅಲ್ಲಿಂದ ಹಿಂದಿನ ಬೀದಿಯ ಒಬ್ಬ ಅಕ್ಕನ ಮನೆ, ಯಾಕಂದ್ರೆ ಅತ್ತೆಗೆ ಮಂಡಿನೋವು, ಮೂರು ವರ್ಷದ ಮಗು ಗೇಟು ದಾಟಿ ಓಡಿದರೆ ಹಿಂದೆ ಓಡೋಕೆ ಆಗಲ್ಲ. ಅಕ್ಕನಿಗೆ ತಿಂಗಳು ತಿಂಗಳು ದುಡ್ಡು ಕೊಡುತ್ತೇನೆ. ಆಯ್ತಾ? ಇನ್ನು ಮೇಲೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ, ನನಗೂ ಬಾಯಿ ನೋವು.

ನಾನೂ ನನ್ನ ಗಂಡನೂ ತುಮಕೂರಿನಿಂದ ಬೆಂಗಳೂರಿಗೆ ದಿನಾ ಒಂದೇ ರೈಲಲ್ಲಿ ಹೋಗಿ ಬರುವವರು. ಹೋಗೋಕೆ ಸುಮಾರು ಎಪ್ಪತ್ತು ಕಿಲೋಮೀಟರ್, ಬರೋಕೆ ಅಷ್ಟೇ. ಗುಬ್ಬಿಯಲ್ಲಿ ಒಂದು ಗೃಹಪ್ರವೇಶಕ್ಕೆ ಹೋಗಿದ್ದೆವು. ಊಟದ ಪಂಕ್ತಿಯಲ್ಲಿ ಎದುರಿಗೆ ಕೂತಿದ್ದ ದೊಡ್ಡಪ್ಪ ನನ್ನನ್ನು ಕೇಳಿದರು, "ಏನಮ್ಮಾ, ಮಗೂನ ಯಾರ ಹತ್ರ ಬಿಟ್ಟು ಹೋಗ್ತೀಯಾ? ಅಳಲ್ವಾ ಪಾಪ?" ಉತ್ತರಕ್ಕೂ ಕಾಯದೆ ಪಕ್ಕದಲ್ಲಿದ್ದ ನನ್ನ ಗಂಡನ ಕಡೆ ತಿರುಗಿ, "ರೈಲು ಈಗ ಟೈಮಿಗೆ ಸರಿಯಾಗಿ ಬರ್ತಿದೆಯೇನಪ್ಪಾ?" ಅಂದರು. ಆ ಪಾಪದ ಮಗು ಆಗ ಅವಳ ಅಪ್ಪನ ತೊಡೆ ಮೇಲೆ ಕೂತು, ಅವರ ಎಲೆಯಲ್ಲಿದ್ದ ಹೋಳಿಗೆ ತಿನ್ನುತ್ತಿತ್ತು. "ದೊಡ್ಡಪ್ಪ, ಮಗು ಇವರದ್ದೂ ಹೌದು, ಇವರನ್ನೂ ಒಂದ್ಸಲ ಕೇಳಿ" ಅಂದೆ. ಎಲ್ಲರೂ ನಕ್ಕರು. ಆಮೇಲೆ ನನ್ನ ಎಲೆಗೆ ಎರಡನೇ ಹೋಳಿಗೆ ಬರಲೇ ಇಲ್ಲ. ಬಡಿಸುತ್ತಿದ್ದವರು ದೊಡ್ಡಮ್ಮ.

ಪಾವಗಡದ ಕಡೆ ನಮ್ಮಜ್ಜಿ ಕಡಲೆಕಾಯಿ ಕೀಳೋಕೆ ಹೋಗುವಾಗ ಹೊಂಗೆ ಮರಕ್ಕೆ ಸೀರೆಯ ಜೋಲಿ ಕಟ್ಟಿ ನಮ್ಮಮ್ಮನನ್ನು ಮಲಗಿಸುತ್ತಿದ್ದರಂತೆ. ಹೊತ್ತು ಮುಳುಗೋವರೆಗೂ ಕೆಲಸ. ಆಗ ಯಾರೂ ಪಾಪ ಅನ್ನಲಿಲ್ಲ. ಚೂಡಿದಾರ್ ಹಾಕಿ, ಕೊರಳಿಗೆ ಐಡಿ ಕಾರ್ಡ್ ತಗುಲಿಸಿಕೊಂಡ ಮೇಲೆ ಎಲ್ಲರಿಗೂ ಮಗುವಿನ ಅಳು ಕೇಳಿಸೋಕೆ ಶುರುವಾಯ್ತು.

ಯಾರ ಹತ್ರ ಅನ್ನೋದು ನನಗೆ ದೊಡ್ಡ ಸಮಸ್ಯೆಯೇ ಅಲ್ಲ. ಎಷ್ಟು ಗಂಟೆವರೆಗೆ ಅಂತ ಕೇಳಿ. ಅದನ್ನು ಕೇಳಿದರೆ ಕೂತು ಮಾತಾಡುತ್ತೇನೆ, ಕಾಫಿನೂ ಕೊಡುತ್ತೇನೆ. ಅಂಗನವಾಡಿ ನಾಲ್ಕಕ್ಕೆ ಮುಗಿಯುತ್ತೆ, ಪ್ಲೇ ಹೋಮ್‌ಗಳು ಮಧ್ಯಾಹ್ನಕ್ಕೇ ಬೀಗ ಹಾಕುತ್ತವೆ, ನನ್ನ ಆಫೀಸು ಬಿಡೋದು ಆರಕ್ಕೆ, ಮನೆ ಸೇರುವಾಗ ಎಂಟು. ಹೀರೇಹಳ್ಳಿ ಹತ್ರ ರೈಲು ಸುಮ್ನೆ ನಿಂತರೆ ಅದಕ್ಕಿಂತ ಲೇಟು. ಆಗ ಲೇಡೀಸ್ ಡಬ್ಬಿಯಲ್ಲಿ ಅವರೆಕಾಯಿ ಬಿಡಿಸುತ್ತಾ ಕೂತವರೂ ಕೈ ನಿಲ್ಲಿಸಿ ಫೋನ್ ತೆಗೆಯುತ್ತಾರೆ. "ಇನ್ನೊಂದು ಹತ್ತು ನಿಮಿಷ ಅಕ್ಕಾ" ಅನ್ನೋದು ಡಬ್ಬಿ ತುಂಬಾ ಒಂದೇ ಸಲ ಕೇಳಿಸುತ್ತೆ. ಡ್ರೈವರ್‌ಗೆ ಕೇಳಿಸಲ್ಲ ಅಷ್ಟೇ.

ಕಾನೂನು ಇಲ್ವಾ ಅಂತ ಕೇಳುವವರೂ ಇದ್ದಾರೆ. ಇದೆ. ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿಯಲ್ಲಿ ಹೆರಿಗೆ ರಜೆ 12 ವಾರದಿಂದ 26 ವಾರ ಆಯ್ತು. ಮೊದಲ ಎರಡು ಮಕ್ಕಳಿಗೆ. ನನಗೂ ಸಿಕ್ಕಿತು, ಸುಳ್ಳು ಹೇಳಲ್ಲ. 50 ಅಥವಾ ಅದಕ್ಕಿಂತ ಜಾಸ್ತಿ ಜನ ಕೆಲಸ ಮಾಡುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗುವನ್ನು ನೋಡಿ ಬರಬಹುದು ಅಂತಲೂ ಬಂತು. ಒಳ್ಳೇದೇ. ಆದರೆ ನಾನು ಕೆಲಸ ಮಾಡೋದು ಬೆಂಗಳೂರಲ್ಲಿ, ಮಗು ಇರೋದು ತುಮಕೂರಲ್ಲಿ. ಆ ಸೌಲಭ್ಯ ಬಳಸಬೇಕಂದ್ರೆ ನಿದ್ದೆಗಣ್ಣಿನ ಮಗೂನ ಎತ್ತಿಕೊಂಡು, ನಿಲ್ಲೋಕೂ ಜಾಗವಿಲ್ಲದ ರೈಲು ಹತ್ತಿ, ಯಶವಂತಪುರದಲ್ಲಿ ಇಳಿದು ಮೆಟ್ರೋ ಹಿಡಿಯಬೇಕು, ಸಂಜೆ ಮತ್ತೆ ಅದೇ. ಖಾಸಗಿ ಕಂಪನಿಯ ಅಪ್ಪಂದಿರಿಗಂತೂ ಆ ಕಾನೂನಿನಲ್ಲಿ ಒಂದು ದಿನದ ರಜೆಯೂ ಇಲ್ಲ. ಹಳ್ಳಿಗಳಲ್ಲಿ ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗುವವರ ಪುಟ್ಟ ಮಕ್ಕಳಿಗೆ ಸರ್ಕಾರ ಗ್ರಾಮ ಪಂಚಾಯಿತಿಗಳಲ್ಲಿ ಕೂಸಿನ ಮನೆ ಮಾಡಿದೆ. ಕೆಲಸದ ಜಾಗ ಬೇರೆ ಊರಲ್ಲಿದ್ದರೂ ಮಗು ತನ್ನ ಊರಲ್ಲೇ ಇರುತ್ತೆ ಅನ್ನೋದು ಮಾತ್ರ ಯಾರ ತಲೆಗೂ ಹೋಗಿಲ್ಲ.

ಹಿಂದಿನ ಬೀದಿಯ ಅಕ್ಕ ನನ್ನ ಮಗಳ ಜೊತೆ ಅವರ ಮೊಮ್ಮಗನನ್ನೂ ನೋಡಿಕೊಳ್ಳುತ್ತಾರೆ. ಅವರ ಮಗಳು ಗಾರ್ಮೆಂಟ್ಸ್‌ಗೆ ಹೋಗುತ್ತಾಳೆ. ಈಗ ಆ ಅಕ್ಕ ಬೇಸಿಗೆಗೆ ಊರಿಗೆ ಹೋಗ್ತೀನಿ ಅಂತಿದ್ದಾರೆ, ಹೋಗಲಿ, ಅವರಿಗೂ ರಜೆ ಬೇಕಲ್ವಾ. ತುಮಕೂರಿನ ಕ್ಯಾತಸಂದ್ರದ ಆಸುಪಾಸಿನಲ್ಲಿ ರಾತ್ರಿ ಎಂಟೂವರೆವರೆಗೆ ಮಗು ನೋಡಿಕೊಳ್ಳುವ ಜಾಗ ಗೊತ್ತಿದ್ದರೆ ತಿಳಿಸಿ. ಕೆಲಸ ಬಿಟ್ಟುಬಿಡು ಅನ್ನೋ ಸಲಹೆ ದೊಡ್ಡಪ್ಪ ಆಗಲೇ ಕೊಟ್ಟಿದ್ದಾರೆ.