ಮಳೆಗಾಲಕ್ಕೆ ನಾಲ್ವರ ಕೋ-ಆಪ್ ಗೇಮ್: ಆಯ್ಕೆಯ ಲಾಗ್

ಮೇ ಕೊನೆ: ಗೇಮ್ ಹುಡುಕುವ ಮೊದಲು

ಕೋ-ಆಪ್ ಅಂದರೆ ಎದುರಾಳಿಗಳಾಗದೆ ಒಂದೇ ತಂಡವಾಗಿ ಆಡುವ ಗೇಮ್. ನಮ್ಮ ಗುಂಪು ನಾಲ್ಕು ಜನರದ್ದು. ಒಬ್ಬರು ಮಣಿಪಾಲದ ಫ್ಲ್ಯಾಟ್‌ನಲ್ಲಿ, ಒಬ್ಬರು ಬ್ರಹ್ಮಾವರದ ಹಂಚಿನ ಮನೆಯಲ್ಲಿ, ಒಬ್ಬರು ದೇರಳಕಟ್ಟೆಯ ಪಿಜಿಯಲ್ಲಿ, ಇನ್ನೊಬ್ಬರು ಕುವೈತ್‌ನಲ್ಲಿ. ಮೇ ಮುಗಿಯುತ್ತಾ ಬಂದ ಹಾಗೆ ಯಕ್ಷಗಾನ ಮೇಳಗಳ ತಿರುಗಾಟ ನಿಲ್ಲುತ್ತದೆ, ನೇಮ-ಕೋಲ ಮುಗಿಯುತ್ತದೆ, ಮದುವೆಗಳೂ ಕಡಿಮೆಯಾಗುತ್ತವೆ. ಜೂನ್ ನಂತರ ರಾತ್ರಿ ಹೊತ್ತು ಎಲ್ಲರೂ ಮನೆಯಲ್ಲೇ. ಕರೆಂಟು ಕೈಕೊಡುವುದೂ ಅದೇ ಹೊತ್ತಿಗೆ.

ಹಾಗಾಗಿ ಈ ಸಲ ರೇಟಿಂಗ್ ಪಟ್ಟಿ ಪಕ್ಕಕ್ಕಿಟ್ಟು ಒಂದೇ ಪ್ರಶ್ನೆಯಿಂದ ಶುರು ಮಾಡಿದ್ದೇವೆ: ಒಬ್ಬರು ಬಾರದ ರಾತ್ರಿ ಉಳಿದ ಮೂವರು ಆಡಬಹುದಾ, ಮರುದಿನ ಬಂದವರು ಹಿಂದೆ ಬೀಳದೆ ಸೇರಿಕೊಳ್ಳಬಹುದಾ? ಸ್ಟೀಮ್ (ಪಿಸಿ ಗೇಮ್ ಮಾರುವ ಆನ್‌ಲೈನ್ ಅಂಗಡಿ) ಪುಟದಲ್ಲಿ 'ಆನ್‌ಲೈನ್ ಕೋ-ಆಪ್' ಎಂದು ಬರೆದಿದ್ದರೆ ಆನ್‌ಲೈನ್ ಉಂಟು ಎಂದಷ್ಟೇ ಅರ್ಥ. ಎಷ್ಟು ಜನ, ಸೇವ್ ಫೈಲ್ ಯಾರ ಕಂಪ್ಯೂಟರ್‌ನಲ್ಲಿ ಕೂರುತ್ತದೆ, ಹೋಸ್ಟ್ (ಯಾರ ಕಂಪ್ಯೂಟರ್‌ನಲ್ಲಿ ಆಟ ನಡೆಯುತ್ತದೋ ಅವರು) ಹೊರಟರೆ ಏನಾಗುತ್ತದೆ, ನಡುವೆ ಸೇರಲು ಬಿಡುತ್ತದಾ, ಇದೆಲ್ಲ ನಾವೇ ಹುಡುಕಬೇಕು. ಶೀಟ್‌ನಲ್ಲಿ ಈ ನಾಲ್ಕು ಕಾಲಮ್ ಹಾಕಿ, ಐದನೆಯದಾಗಿ 'ಅತಿ ದುರ್ಬಲ ಲ್ಯಾಪ್‌ಟಾಪ್‌ನಲ್ಲಿ ಓಡುತ್ತದಾ' ಎಂದು ಸೇರಿಸಿದೆವು. ನಮ್ಮಲ್ಲಿ ಅದು ಪಿಜಿಯ ಲ್ಯಾಪ್‌ಟಾಪ್: 8 ಜಿಬಿ ರ‍್ಯಾಮ್, ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ.

ಸಮಯದ ಲೆಕ್ಕವನ್ನೂ ಮೊದಲೇ ಮಾಡಿಕೊಳ್ಳಿ. ಕುವೈತ್ ನಮಗಿಂತ ಎರಡೂವರೆ ಗಂಟೆ ಹಿಂದೆ. ಇಲ್ಲಿ ರಾತ್ರಿ 9:30 ಆದಾಗ ಅಲ್ಲಿ ಸಂಜೆ 7. ಅಲ್ಲಿ ವಾರದ ರಜೆ ಶುಕ್ರವಾರ ಮತ್ತು ಶನಿವಾರ, ಭಾನುವಾರ ಕೆಲಸ. ಇಲ್ಲಿಯವರಿಗೆ ಶನಿವಾರ ರಾತ್ರಿ ತಡವಾದರೂ ತೊಂದರೆ ಇಲ್ಲ, ಅಲ್ಲಿಯವರು ಮಾತ್ರ ಬೇಗ ಮಲಗಬೇಕು. ನಾಲ್ವರೂ ನಿಶ್ಚಿಂತೆಯಿಂದ ಕೂರುವ ರಾತ್ರಿ ಶುಕ್ರವಾರ ಒಂದೇ. ಉಳಿದ ದಿನ ಮೂವರೋ ಇಬ್ಬರೋ. ಆಯ್ಕೆ ಪೂರ್ತಿ ಇದರ ಮೇಲೆಯೇ ನಿಂತಿದೆ.

ಜೂನ್ ಶುರು: ನೆಟ್ ಪರೀಕ್ಷೆ

ಸ್ಪೀಡ್ ಟೆಸ್ಟ್‌ನ ದೊಡ್ಡ ಸಂಖ್ಯೆಯಿಂದ ಆಟಕ್ಕೆ ಹೆಚ್ಚು ಉಪಯೋಗವಿಲ್ಲ. ಕಮಾಂಡ್ ಪ್ರಾಂಪ್ಟ್‌ನಲ್ಲಿ ಮೊದಲು ರೂಟರ್‌ಗೆ, ಆಮೇಲೆ 8.8.8.8ಕ್ಕೆ (ಗೂಗಲ್‌ನ ಸರ್ವರ್) ನೂರು ಸಲ ಪಿಂಗ್ ಹೊಡೆಯಿರಿ, ಅಂದರೆ ಪುಟ್ಟ ಸಂದೇಶ ಕಳಿಸಿ ಉತ್ತರ ಬರಲು ಎಷ್ಟು ಹೊತ್ತಾಯಿತು ಎಂದು ಅಳೆಯಿರಿ. ಸರಾಸರಿಗಿಂತ ಮುಖ್ಯವಾದದ್ದು ಕನಿಷ್ಠ ಮತ್ತು ಗರಿಷ್ಠದ ನಡುವಿನ ಅಂತರ, ಜೊತೆಗೆ ಎಷ್ಟು ಪ್ಯಾಕೆಟ್ ಕಳೆದುಹೋಯಿತು ಎಂಬುದು. ಸ್ಥಿರವಾದ 80 ಮಿಲಿಸೆಕೆಂಡ್‌ನಲ್ಲಿ ಆರಾಮವಾಗಿ ಆಡಬಹುದು. 30ರಿಂದ 300ಕ್ಕೆ ಹಾರಾಡುವ ಲೈನ್‌ನಲ್ಲಿ ಆಗುವುದಿಲ್ಲ. ರೂಟರ್‌ಗೆ ಹೊಡೆದ ಪಿಂಗ್ ಕೂಡ ಹಾರಾಡುತ್ತಿದ್ದರೆ ತಪ್ಪು ಕಂಪನಿಯದ್ದಲ್ಲ, ಮನೆಯ ವೈಫೈಯದ್ದು.

ಬ್ರಹ್ಮಾವರದ ಮನೆಯಲ್ಲಿ ಹಾಗೇ ಇತ್ತು. ದಪ್ಪ ಮುರಕಲ್ಲಿನ ಗೋಡೆ ಎರಡು ದಾಟುವಾಗ 5 ಗಿಗಾಹರ್ಟ್ಸ್ ಸಿಗ್ನಲ್ ಸೊರಗುತ್ತದೆ, 2.4 ದಾಟುತ್ತದೆ, ಆದರೆ ಅಕ್ಕಪಕ್ಕದ ರೂಟರ್‌ಗಳು, ಬ್ಲೂಟೂತ್ ಎಲ್ಲ ಅದೇ ಪಟ್ಟಿಯಲ್ಲಿ ಕಿಕ್ಕಿರಿದಿರುತ್ತವೆ. ಪರಿಹಾರ ಕ್ಯಾಟ್ 6 ಕೇಬಲ್. 100 ಮೀಟರ್‌ವರೆಗೆ ತೊಂದರೆಯಿಲ್ಲ, ಮನೆಯೊಳಗೆ 20 ಮೀಟರ್ ಧಾರಾಳ ಸಾಕು. ಹೊಸ ರೂಟರ್ ಕೊಳ್ಳುವ ಮುಂಚೆ ಇದನ್ನು ಮಾಡಿ ನೋಡಿ.

ಇನ್ನೊಂದು ಅಡ್ಡಿ ಸಿಜಿನ್ಯಾಟ್. ರೂಟರ್ ಪುಟದಲ್ಲಿ ವ್ಯಾನ್ ಐಪಿ (ನೆಟ್ ಕಂಪನಿ ರೂಟರ್‌ಗೆ ಕೊಟ್ಟ ವಿಳಾಸ) ನೋಡಿ, ಅದು 100.64ರಿಂದ 100.127ರವರೆಗಿನ ಸಾಲಿನಲ್ಲಿದ್ದರೆ, ಅಥವಾ ಬ್ರೌಸರ್‌ನಲ್ಲಿ ಕಾಣುವ ಐಪಿಗೆ ಹೊಂದದಿದ್ದರೆ, ಒಂದೇ ಸಾರ್ವಜನಿಕ ವಿಳಾಸವನ್ನು ಹಲವು ಗ್ರಾಹಕರಿಗೆ ಹಂಚಿದ್ದಾರೆ ಎಂದು ಅರ್ಥ. ಆಗ ರೂಟರ್‌ನಲ್ಲಿ ಎಷ್ಟೇ ಪೋರ್ಟ್ ತೆರೆದರೂ ಹೊರಗಿನವರು ಒಳಗೆ ಬರಲಾರರು. ಅಂಥ ಲೈನ್ ಇದ್ದವರು ಸ್ಟೀಮ್ ಇನ್ವೈಟ್‌ನಿಂದಲೋ ಜಾಯಿನ್ ಕೋಡ್‌ನಿಂದಲೋ ಸೇರುವ ಗೇಮ್‌ಗಳನ್ನು ನೋಡಬೇಕು, ಇಲ್ಲವಾದರೆ ಟೇಲ್‌ಸ್ಕೇಲ್ ಥರದ ಖಾಸಗಿ ನೆಟ್‌ವರ್ಕ್ ಹಾಕಿಕೊಳ್ಳಬೇಕು.

ಜೂನ್ ನಡು: ಕರೆಂಟು ಹೋದಾಗ

ಮಿನಿ ಯುಪಿಎಸ್ ಕೊಳ್ಳುವ ಮುಂಚೆ ರೂಟರ್ ಅಡಾಪ್ಟರ್‌ನ ಲೇಬಲ್ ಓದಿ. ಸಾಮಾನ್ಯವಾಗಿ 12 ವೋಲ್ಟ್, 1 ಆಂಪ್ ಅಥವಾ 2 ಆಂಪ್ ಎಂದಿರುತ್ತದೆ. ಯುಪಿಎಸ್‌ನ ಔಟ್‌ಪುಟ್ ವೋಲ್ಟ್ ಅದೇ ಇರಬೇಕು, ಆಂಪ್ ಅಷ್ಟು ಅಥವಾ ಅದಕ್ಕಿಂತ ಹೆಚ್ಚು ಇರಬೇಕು. ಫೈಬರ್ ಬಾಕ್ಸ್ ಮತ್ತು ರೂಟರ್ ಬೇರೆ ಬೇರೆ ಇದ್ದರೆ ಎರಡಕ್ಕೂ ಕೊಡಬೇಕು. ರೂಟರ್‌ನ ದೀಪ ಉರಿಯುತ್ತಿದ್ದು ನೆಟ್ ಇಲ್ಲದಿದ್ದರೆ ಮೊದಲು ಫೈಬರ್ ಬಾಕ್ಸ್ ಆನ್ ಇದೆಯಾ ನೋಡಿ.

ಎಷ್ಟು ಹೊತ್ತು ಬಾಳುತ್ತದೆ ಎಂಬ ಲೆಕ್ಕ ಸುಲಭ. 8000 ಎಂಎಎಚ್ ಎಂದು ಬರೆದಿರುವುದು ಒಳಗಿನ 3.7 ವೋಲ್ಟ್ ಸೆಲ್‌ಗಳ ಲೆಕ್ಕ. 8 ಗುಣಿಸು 3.7, ಅಂದರೆ ಸುಮಾರು 30 ವ್ಯಾಟ್-ಅವರ್. 12 ವೋಲ್ಟ್‌ಗೆ ಏರಿಸುವಾಗ ಆಗುವ ನಷ್ಟ ಕಳೆದು 25 ಹಿಡಿಯಿರಿ. ಸಾಧನ 8 ವ್ಯಾಟ್ ಎಳೆದರೆ ಮೂರು ಗಂಟೆ, 12 ಎಳೆದರೆ ಎರಡು ಗಂಟೆ. ಬ್ಯಾಟರಿ ಹಳತಾದ ಹಾಗೆ ಇದು ಇಳಿಯುತ್ತದೆ.

ಲ್ಯಾಪ್‌ಟಾಪ್ ಬ್ಯಾಟರಿಗೆ ಬದಲಾದ ತಕ್ಷಣ ಗ್ರಾಫಿಕ್ಸ್ ಶಕ್ತಿ ಇಳಿಯುತ್ತದೆ. ಫ್ರೇಮ್‌ರೇಟನ್ನು 30ಕ್ಕೆ ಕಟ್ಟಿ, ರೆಸಲ್ಯೂಶನ್ ಒಂದು ಮೆಟ್ಟಿಲು ಇಳಿಸಿ. ಹಾಗೇ ಬಿಟ್ಟರೆ ಆಟ ತಡವರಿಸಿ ಬ್ಯಾಟರಿಯೂ ಬೇಗ ಮುಗಿಯುತ್ತದೆ. ಗುಡುಗು ಹತ್ತಿರ ಬಂದರೆ ಮಾತ್ರ ಯುಪಿಎಸ್ ನಂಬಿ ಕೂರಬೇಡಿ. ಫೈಬರ್ ಗಾಜಿನದ್ದು, ಮಿಂಚು ಒಯ್ಯುವುದಿಲ್ಲ. ಅಡಾಪ್ಟರ್‌ನ ವೈರೂ ಲ್ಯಾನ್ ಕೇಬಲ್ಲೂ ತಾಮ್ರ. ಎರಡೂ ಕಿತ್ತಿಡಬೇಕು.

ಮಾತುಕತೆ ಡಿಸ್ಕಾರ್ಡ್ ಎಂಬ ವಾಯ್ಸ್ ಚಾಟ್ ಆ್ಯಪ್‌ನಲ್ಲಿ. ಹಂಚಿನ ಮಾಡಿನ ಮೇಲೆ, ಅದರಲ್ಲೂ ಮನೆ ಮುಂದಿನ ಶೀಟಿನ ಮಾಡಿನ ಮೇಲೆ ಮಳೆ ಬಿದ್ದರೆ ಮೈಕ್ ತಾನಾಗಿ ತೆರೆದುಕೊಳ್ಳುತ್ತದೆ, ಎಲ್ಲರ ಕಿವಿಗೂ ಮಳೆಯೇ. ಪುಶ್-ಟು-ಟಾಕ್ (ಕೀ ಒತ್ತಿದಾಗ ಮಾತ್ರ ಮೈಕ್ ತೆರೆಯುವ ಆಯ್ಕೆ) ಹಾಕಿದರೆ ಮುಗಿಯಿತು.

ಜೂನ್ ಕೊನೆ: ಪಟ್ಟಿ ಸೋಸಿದ್ದು

ಇಟ್ ಟೇಕ್ಸ್ ಟೂ (2021) ಮತ್ತು ಸ್ಪ್ಲಿಟ್ ಫಿಕ್ಷನ್ (2025) ಎರಡೂ ಬಹಳ ಒಳ್ಳೆಯ ಗೇಮ್‌ಗಳು. ಫ್ರೆಂಡ್ಸ್ ಪಾಸ್ ಇರುವುದರಿಂದ ಒಬ್ಬರು ಕೊಂಡರೆ ಇನ್ನೊಬ್ಬರಿಗೆ ಪುಕ್ಕಟೆ. ಆದರೆ ಎರಡೂ ಸರಿಯಾಗಿ ಇಬ್ಬರಿಗೆ. ಮೂರನೆಯವರಿಗೆ ಜಾಗವಿಲ್ಲ, ಜೋಡಿ ಬಾರದಿದ್ದರೆ ಆಟವೂ ಇಲ್ಲ. ಗಂಡ-ಹೆಂಡತಿಗೆ, ಅಣ್ಣ-ತಮ್ಮಂದಿರಿಗೆ ಕಣ್ಣು ಮುಚ್ಚಿ ಕೊಳ್ಳಬಹುದು. ನಾಲ್ವರ ಗುಂಪಿಗೆ ಬೇಡ. ಪೋರ್ಟಲ್ 2 ಕೂಡ ಇದೇ ಕಾರಣಕ್ಕೆ ಹೊರಗೆ.

ಅಡುಗೆಮನೆಯ ಗೇಮ್ ಓವರ್‌ಕುಕ್ಡ್ ನಾಲ್ವರಿಗೆ ಆಗುತ್ತದೆ, ಒಬ್ಬರೇ ಕೊಂಡು ಸ್ಟೀಮ್‌ನ ರಿಮೋಟ್ ಪ್ಲೇ ಟುಗೆದರ್ ಮೂಲಕ ಉಳಿದವರನ್ನು ಕರೆಯಲೂಬಹುದು. ಅದರಲ್ಲಿ ಗೇಮ್ ಓಡುವುದು ಹೋಸ್ಟ್ ಕಂಪ್ಯೂಟರ್‌ನಲ್ಲಿ ಮಾತ್ರ, ಉಳಿದವರಿಗೆ ಹೋಗುವುದು ವಿಡಿಯೊ. ಮೂವರಿಗೆ ಮೂರು ವಿಡಿಯೊ, ಅಷ್ಟೂ ಹೋಸ್ಟ್‌ನ ಅಪ್‌ಲೋಡ್‌ನಿಂದ. ರೆಸಲ್ಯೂಶನ್ 720ಕ್ಕೆ ಇಳಿಸಿದರೆ ಚಿತ್ರ ತಡವರಿಸದೆ ಬರುತ್ತದೆ, ಆದರೆ ಬಟನ್ ಒತ್ತಿದ್ದಕ್ಕೂ ಪಾತ್ರ ಅಲುಗಿದ್ದಕ್ಕೂ ನಡುವೆ ತಡ ಉಳಿಯುತ್ತದೆ. ಸೆಕೆಂಡ್ ಲೆಕ್ಕದಲ್ಲಿ ತಟ್ಟೆ ದಾಟಿಸಬೇಕಾದ ಗೇಮ್‌ಗೆ ಅದು ಸಲ್ಲದು. ಎಲ್ಲರೂ ಒಂದೇ ಮನೆಯಲ್ಲಿ ಸೇರುವ ಚೌತಿ ರಜೆಗೆ ಇದನ್ನು ಇಟ್ಟುಕೊಂಡಿದ್ದೇವೆ.

ಕೃಷಿಯ ಗೇಮ್ ಸ್ಟಾರ್‌ಡ್ಯೂ ವ್ಯಾಲಿ ಪಿಜಿ ಲ್ಯಾಪ್‌ಟಾಪ್‌ನಲ್ಲಿ ಹೂವಿನ ಹಾಗೆ ಓಡುತ್ತದೆ. ಆಟದ ಒಂದು ದಿನ ಸುಮಾರು 14 ನಿಮಿಷ. ತೊಡಕು ಇರುವುದು ತೋಟ ಹೋಸ್ಟ್‌ನ ಸೇವ್‌ನಲ್ಲಿ ಕೂರುವುದರಲ್ಲಿ. ಹೋಸ್ಟ್ ಇಲ್ಲದಿದ್ದರೆ ತೋಟವೇ ತೆರೆಯುವುದಿಲ್ಲ, ಹೋಸ್ಟ್ ಬದಲಿಸಬೇಕಾದರೆ ಸೇವ್ ಫೈಲ್ ತಿದ್ದಬೇಕು. ಬೇರೆ ಯಾರಾದರೂ ಬಾರದಿದ್ದರೆ ಆಟ ನಡೆಯುತ್ತದೆ, ಆದರೆ ಆ ಒಂದು ರಾತ್ರಿಯಲ್ಲಿ ಒಂದು ಋತುವಿನ ಅರ್ಧ ಕಳೆದಿರುತ್ತದೆ. ನಮಗೆ ಎರಡನೆಯ ಆಯ್ಕೆ.

ಕಾಡಿನಲ್ಲಿ ಮನೆ ಕಟ್ಟಿ ಬದುಕುಳಿಯುವ ವೈಕಿಂಗ್ ಗೇಮ್ ವ್ಯಾಲ್‌ಹೈಮ್ ಮೇಲೆ ನಮಗೆಲ್ಲ ಆಸೆ ಹೆಚ್ಚು. 10 ಜನರವರೆಗೆ ಆಡಬಹುದು, ಡೌನ್‌ಲೋಡ್ ಚಿಕ್ಕದು. ಪಾತ್ರ ಅವರವರ ಬಳಿ, ಲೋಕ ಹೋಸ್ಟ್ ಬಳಿ. ಯಾವುದೇ ಜಾಗಕ್ಕೆ ಮೊದಲು ಕಾಲಿಟ್ಟವರ ಕಂಪ್ಯೂಟರೇ ಆ ಜಾಗದ ಪ್ರಾಣಿಗಳನ್ನು ನಡೆಸುತ್ತದೆ. ಹಾಗಾಗಿ ಹಾಟ್‌ಸ್ಪಾಟ್‌ನಲ್ಲಿರುವವರು ಮುಂದೆ ಓಡಿದರೆ ಹಿಂದೆ ಬಂದ ಎಲ್ಲರಿಗೂ ಲ್ಯಾಗ್; ಹೊಡೆದ ಪೆಟ್ಟು ತಡವಾಗಿ ತಾಗುತ್ತದೆ. ಒಳ್ಳೆಯ ಲೈನ್ ಇದ್ದವರು ಮುಂದೆ ಹೋಗಬೇಕು, ಇಷ್ಟೇ ನಿಯಮ. ಆದರೆ ಮನೆ ದೊಡ್ಡದು ಕಟ್ಟಿದ ಹಾಗೆ ಕಾರ್ಡ್ ಇಲ್ಲದ ಲ್ಯಾಪ್‌ಟಾಪ್ ಕುಸಿಯುತ್ತದೆ. ಸದ್ಯಕ್ಕೆ ಬದಿಗೆ.

ಕೀಪ್ ಟಾಕಿಂಗ್ ಆ್ಯಂಡ್ ನೋಬಡಿ ಎಕ್ಸ್‌ಪ್ಲೋಡ್ಸ್ ಬಿಡುವಿನ ಆಟವಾಗಿ ಉಳಿದಿದೆ. ಒಂದೇ ಪ್ರತಿ ಸಾಕು. ಒಬ್ಬರು ಬಾಂಬ್ ನೋಡುತ್ತಾರೆ, ಉಳಿದವರು ಪುಕ್ಕಟೆ ಸಿಗುವ ಕೈಪಿಡಿ ಓದಿ ಹೇಳುತ್ತಾರೆ. ಕೈಪಿಡಿಯನ್ನು ಮೊದಲೇ ಪ್ರಿಂಟ್ ಹಾಕಿಸಿ. ಬಾಂಬ್ ನೋಡುವವರ ಕಂಪ್ಯೂಟರ್ ಆನ್ ಇದ್ದರಾಯಿತು, ನೆಟ್ ಇಲ್ಲದೆ ಎಲ್ಲರೂ ಫೋನ್ ಕಾಲ್‌ನಲ್ಲಿದ್ದರೂ ನಡೆಯುತ್ತದೆ.

ಜುಲೈ: ಆಯ್ಕೆ ಆದದ್ದು

ಡೀಪ್ ರಾಕ್ ಗ್ಯಾಲಕ್ಟಿಕ್ (2020): ಕುಬ್ಜ ಗಣಿಗಾರರು ಗುಹೆಯಲ್ಲಿ ಖನಿಜ ಅಗೆಯುತ್ತಾ ಶತ್ರು ಹುಳಗಳನ್ನು ಹೊಡೆಯುವ ಗೇಮ್. ನಾಲ್ವರ ಗೇಮ್, ಆದರೆ ಶತ್ರುಗಳ ಸಂಖ್ಯೆ ಬಂದವರ ಸಂಖ್ಯೆಗೆ ತಕ್ಕಂತೆ ಹೊಂದಿಕೊಳ್ಳುತ್ತದೆ. ಒಬ್ಬರೇ ಇದ್ದರೆ ಬಾಸ್ಕೊ ಎಂಬ ಡ್ರೋನ್ ಜೊತೆಗೆ ಬರುತ್ತದೆ. ಗಳಿಕೆ, ಲೆವೆಲ್, ಆಯುಧ ಎಲ್ಲ ಅವರವರ ಖಾತೆಯಲ್ಲಿ. ಬಾರದವರ ಯಾವುದೂ ಕೆಡುವುದಿಲ್ಲ. ಮಿಷನ್ ನಡುವೆಯೂ ಸೇರಬಹುದು. ಮೊದಲ ದಿನದ ಪ್ರಶ್ನೆಗೆ ಪೂರ್ತಿ ಉತ್ತರ ಕೊಟ್ಟದ್ದು ಇದೊಂದೇ.

ಎಲ್ಲರೂ ಸ್ಟೀಮ್‌ನಲ್ಲೇ ಕೊಳ್ಳಬೇಕು. ಸ್ಟೀಮ್ ಪ್ರತಿ ಮತ್ತು ಎಕ್ಸ್‌ಬಾಕ್ಸ್ ಪ್ರತಿ ಒಟ್ಟಿಗೆ ಆಡುವುದಿಲ್ಲ. ಸ್ಟೀಮ್ ಫ್ಯಾಮಿಲಿಯಲ್ಲಿ ಒಂದು ಪ್ರತಿಯನ್ನು ಒಂದು ಹೊತ್ತಿಗೆ ಒಬ್ಬರೇ ಆಡಬಹುದು, ಆದ್ದರಿಂದ ಕೋ-ಆಪ್‌ಗೆ ತಲೆಗೊಂದು ಪ್ರತಿ ಬೇಕೇ ಬೇಕು. ನಾಲ್ವರೂ ಒಂದೇ ರಾತ್ರಿ ಕೊಂಡು, ಮೊದಲ ಎರಡು ಗಂಟೆಯೊಳಗೆ ನಾಲ್ಕೂ ಕಡೆಯಿಂದ ಒಂದು ಮಿಷನ್ ಮುಗಿಸಿ ನೋಡಿ. ಆಟ 2 ಗಂಟೆ ದಾಟದೆ, ಕೊಂಡು 14 ದಿನ ಆಗಿರದಿದ್ದರೆ ಸ್ಟೀಮ್ ಹಣ ಹಿಂದಿರುಗಿಸುತ್ತದೆ. ಡೌನ್‌ಲೋಡ್ ಸಮಯ ಅದರಲ್ಲಿ ಸೇರುವುದಿಲ್ಲ, ಗೇಮ್ ತೆರೆದಿಟ್ಟು ಉಳಿದವರಿಗೆ ಕಾದದ್ದು ಸೇರುತ್ತದೆ.

ಹೋಸ್ಟ್ ಮಣಿಪಾಲ, ಏಕೆಂದರೆ ಫೈಬರ್, ಕೇಬಲ್, ಯುಪಿಎಸ್ ಮೂರೂ ಅಲ್ಲೇ ಇರುವುದು. ಈ ಗೇಮ್‌ನ ದುರ್ಬಲ ಜಾಗವೂ ಇದೇ: ಹೋಸ್ಟ್‌ನ ಸಂಪರ್ಕ ಕಡಿದರೆ ಮಿಷನ್ ಎಲ್ಲರಿಗೂ ಮುಗಿಯುತ್ತದೆ, ಬೇರೆಯವರಿಗೆ ವರ್ಗವಾಗುವುದಿಲ್ಲ. ಕರೆಂಟಿನ ಭರವಸೆ ಇಲ್ಲದ ರಾತ್ರಿ ನಕ್ಷೆಯಲ್ಲಿ ಉದ್ದಕ್ಕೆ ಒಂದೇ ಚುಕ್ಕೆ ತೋರಿಸುವ ಮಿಷನ್ ಆರಿಸಿ, ಬೇಗ ಮುಗಿಯುತ್ತದೆ.

ಮೂವರೇ ಇದ್ದಾಗ ಯಾವ ಕ್ಲಾಸ್ (ಸ್ಕೌಟ್, ಎಂಜಿನಿಯರ್, ಗನ್ನರ್, ಡ್ರಿಲ್ಲರ್ ಎಂಬ ನಾಲ್ಕು ಪಾತ್ರಗಳಲ್ಲಿ ಒಂದು) ಬಿಡಬೇಕು? ಸ್ಕೌಟ್ ಮತ್ತು ಎಂಜಿನಿಯರ್ ಜೋಡಿ ಒಡೆಯಬೇಡಿ. ಎತ್ತರದ ಗೋಡೆಯಲ್ಲಿ ಖನಿಜ ಕಂಡರೆ ಎಂಜಿನಿಯರ್ ಅದರ ಕೆಳಗೆ ಪ್ಲಾಟ್‌ಫಾರ್ಮ್ ಹೊಡೆಯಬೇಕು, ಸ್ಕೌಟ್ ಕೊಕ್ಕೆ ಹಾರಿಸಿ ಅದರ ಮೇಲೆ ನಿಂತು ಅಗೆಯಬೇಕು. ಪ್ಲಾಟ್‌ಫಾರ್ಮ್ ಖನಿಜದ ಮೇಲೆಯೇ ಬಿದ್ದರೆ ಅಗೆಯುವ ಕೆಲಸ ಎರಡಾಗುತ್ತದೆ. ಒಂದಾಳೆತ್ತರ ಕೆಳಗೆ ಹೊಡೆದರೆ ಸರಿ. ಮೂರನೆಯವರು ಗನ್ನರ್ ಆಗಲಿ. ಡ್ರಿಲ್ಲರ್ ಇಲ್ಲದಿದ್ದರೆ ವಾಪಸ್ ದಾರಿ ಉದ್ದವಾಗುತ್ತದೆ. ಕೊನೆಗೆ ಕರೆದೊಯ್ಯಲು ಬರುವ ಪಾಡ್ (ನೌಕೆ) 5 ನಿಮಿಷ ಮಾತ್ರ ಕಾಯುವುದರಿಂದ, ಅದನ್ನು ಕರೆಯುವ ಬಟನ್ ಒತ್ತುವ ಮುಂಚೆ ಹೊರಡಲು ಸಿದ್ಧರಾಗಿ. ಒಬ್ಬರಾದರೂ ಪಾಡ್‌ನೊಳಗೆ ತಲುಪಿದರೆ ಮಿಷನ್ ಗೆದ್ದಂತೆ.

ಹೊಸಬರ ಗುಂಪು ಸೋಲುವುದು ಹೆಚ್ಚಾಗಿ ಗುಂಡು ಮುಗಿದು. ಮರುಪೂರೈಕೆ ಪಾಡ್ ಒಂದಕ್ಕೆ 80 ನೈಟ್ರಾ (ಅಗೆದು ತರುವ ಒಂದು ಖನಿಜ) ಬೇಕು, ಅದು ಇಡೀ ತಂಡದ ಲೆಕ್ಕ. ಪಾಡ್‌ನಲ್ಲಿ ನಾಲ್ಕು ಪಾಲು, ಒಂದು ಪಾಲಿಗೆ ಅರ್ಧ ಗುಂಡು. ನಾಲ್ವರಿದ್ದಾಗ ತಲೆಗೆ ಒಂದೇ; ಎರಡನೆಯದು ಎತ್ತುವ ಮುಂಚೆ ಕೇಳಬೇಕು. ಚಿನ್ನ ಕಂಡಲ್ಲಿ ನಿಲ್ಲುವುದಕ್ಕಿಂತ ಕೆಂಪು ನೈಟ್ರಾ ಕಂಡಲ್ಲಿ ನಿಂತು ಅಗೆಯಿರಿ. ಕಂಟ್ರೋಲ್ ಕೀ ಒತ್ತಿ ಹಿಡಿದು ಲೇಸರ್‌ನಿಂದ ತೋರಿಸಿದರೆ ಎಲ್ಲರಿಗೂ ಗುರುತು ಕಾಣುತ್ತದೆ, ಮಳೆ ಸದ್ದಿನಲ್ಲಿ ಕೂಗಿ ಹೇಳುವ ಕೆಲಸ ತಪ್ಪುತ್ತದೆ.

ಪಿಜಿ ಲ್ಯಾಪ್‌ಟಾಪ್‌ಗೆ ಸೆಟ್ಟಿಂಗ್: 720, ಎಲ್ಲವೂ ಲೋ, ಎಫ್‌ಎಸ್‌ಆರ್ (ಚಿಕ್ಕ ಚಿತ್ರವನ್ನು ಹಿಗ್ಗಿಸಿ ವೇಗ ಹೆಚ್ಚಿಸುವ ಆಯ್ಕೆ) ಆನ್, 30ಕ್ಕೆ ಮಿತಿ. ಹಿಂಡು ಬಂದಾಗ ಸ್ವಲ್ಪ ಇಳಿಯುತ್ತದೆ, ಆಡಲು ಅಡ್ಡಿಯಿಲ್ಲ. ಸ್ಟೀಮ್‌ನ ತಾನಾಗಿ ನಡೆಯುವ ಅಪ್‌ಡೇಟನ್ನು ಬೆಳಗಿನ ಜಾವಕ್ಕೆ ಹಾಕಿಡಿ, ಹಾಟ್‌ಸ್ಪಾಟ್‌ನಲ್ಲಿ ಆಟದ ನಡುವೆ ಡೌನ್‌ಲೋಡ್ ಶುರುವಾದರೆ ಪಿಂಗ್ ಕೆಟ್ಟುಹೋಗುತ್ತದೆ.

ಮುಂದೆ ಬಾಕಿ

ಹಳೆಯ ಡೆಸ್ಕ್‌ಟಾಪ್ ಒಂದರಲ್ಲಿ ವ್ಯಾಲ್‌ಹೈಮ್‌ನ ಡೆಡಿಕೇಟೆಡ್ ಸರ್ವರ್ (ಯಾರೂ ಕೂತು ಆಡದೆ ಲೋಕವನ್ನಷ್ಟೇ ನಡೆಸುವ ಪ್ರೋಗ್ರಾಂ) ಹಾಕಿ ನೋಡುವುದು. ಕ್ರಾಸ್‌ಪ್ಲೇ (ಬೇರೆ ಬೇರೆ ಸಾಧನದವರು ಒಟ್ಟಿಗೆ ಆಡುವ) ಆಯ್ಕೆ ಆನ್ ಮಾಡಿದರೆ ಜಾಯಿನ್ ಕೋಡ್ ಸಿಗುತ್ತದೆ, ಸಿಜಿನ್ಯಾಟ್ ಅಡ್ಡ ಬರುವುದಿಲ್ಲ. ಸೇವ್ ಅವಧಿ ಮೊದಲಿಗೆ 1800 ಸೆಕೆಂಡ್ ಇರುತ್ತದೆ. ಕರೆಂಟು ಹೋದರೆ ಅರ್ಧ ಗಂಟೆಯ ಕೆಲಸ ಹೋದಂತೆ, ಆದ್ದರಿಂದ 600ಕ್ಕೆ ಇಳಿಸಬೇಕು. ಪಿಜಿಗೆ ಬೇರೆ ಲ್ಯಾಪ್‌ಟಾಪ್ ಬರುವವರೆಗೆ ಅದರಲ್ಲಿ ಮೂವರೇ.