ಐದು ಸಲ ಕೆರೆದ ಕೆನ್ನೆ

ಲಾಂಗ್ಝಾದ ಅಜ್ಜಿ ಕೊನೆಗೂ ಮೇಕಪ್ ಒರೆಸಿಕೊಂಡಳು!

ಹಿಮಾಚಲದ ಸ್ಪಿತಿ ಕಣಿವೆಯಿಂದ ಬಂದಮೇಲೆ ಎಣ್ಣೆಬಣ್ಣದಲ್ಲಿ ಹಿಡಿದ ಮೂರನೇ ಭಾವಚಿತ್ರ ಇದು, ಅಲ್ಲಿನ ಲಾಂಗ್ಝಾ ಊರಿನ ಅಜ್ಜಿಯದು. ಅಂಡರ್‌ಪೇಂಟಿಂಗ್ (ಅಡಿಯ ಮೊದಲ ಪದರ) ಸಲೀಸಾಗಿ ಆಯಿತು, ಕಣ್ಣೂ ಕುದುರಿತು. ಸಿಕ್ಕಿಬಿದ್ದದ್ದು ಕೆನ್ನೆಯಲ್ಲಿ. ಮೂರು ಬೆರಳಗಲದ ಜಾಗ, ಐದು ಸಲ ಪ್ಯಾಲೆಟ್ ನೈಫಿನಲ್ಲಿ ಕೆರೆದಿದ್ದೇನೆ.

ಸುಮಾರು 4,400 ಮೀಟರ್ ಎತ್ತರದ ಊರು. ಬಿಸಿಲು, ಚಳಿಗಾಳಿ ಸೇರಿ ಕೆನ್ನೆಯನ್ನು ಸುಟ್ಟಿರುತ್ತವೆ. ಆ ಕೆಂಪು ಇರುವುದು ಚರ್ಮದ ಮೇಲಲ್ಲ, ಒಳಗೆ. ನಾನೋ ಕ್ಯಾಡ್ಮಿಯಂ ರೆಡ್‌ಗೆ ಟೈಟೇನಿಯಂ ವೈಟ್ ಕಲಸಿ ಬಳಿದೆ. ಅಜ್ಜಿ ನಾಟಕದ ಪಾತ್ರಧಾರಿ ಆದಳು. ಓಕರ್ (ಹಳದಿ ಮಣ್ಣಿನ ಬಣ್ಣ) ಸೇರಿಸಿದೆ, ಇಟ್ಟಿಗೆ. ಹಸಿರು ಹಾಕಿ ತಣಿಸಹೋದೆ, ಕೆಸರು. ಓಕರ್, ಕೆಂಪು, ಕಪ್ಪು, ಬಿಳಿ ನಾಲ್ಕೇ ಬಣ್ಣದ ಝೋರ್ನ್ ಪ್ಯಾಲೆಟ್ಟಿಗೂ ಮೊರೆಹೋದೆ. ಮುಖ ಚೆನ್ನಾಗೇ ಬಂತು, ಆದರೆ ದೀಪದ ಬೆಳಕಲ್ಲಿ ಕೂತ ಹಾಗೆ.

ಸಿಟ್ಟಲ್ಲಿ ಸ್ಕೆಚ್‌ಬುಕ್ ತಿರುವಿದಾಗ ಅಂಚಿನಲ್ಲಿ ನನ್ನದೇ ಪೆನ್ಸಿಲ್ ಗೀಚು: 'ನೆರಳು ನೀಲಿ, ಫೋಟೋ ನಂಬಬೇಡ.' ಬೆಳಕಿನ ಬಣ್ಣವನ್ನು ತಾನೇ ಸರಿಪಡಿಸುವ ಫೋನಿನ ಆಟೋ ವೈಟ್ ಬ್ಯಾಲೆನ್ಸ್ ಆ ನೀಲಿಯನ್ನೆಲ್ಲ ತಿಂದು ಬೂದಿ ಮಾಡಿಟ್ಟಿತ್ತು. ಅಲ್ಲಿ ನೆರಳಿಗೆ ಬೆಳಕು ಕೊಡುವುದು ಆಕಾಶ, ನಾನು ತುಂಬಿದ್ದು ಬರ್ನ್ಟ್ ಅಂಬರ್ ಎಂಬ ಕಂದು! ಅಲ್ಟ್ರಾಮರೀನ್ ನೀಲಿಗೆ ಚೂರು ಬರ್ನ್ಟ್ ಸಿಯೆನ್ನಾ ಕಂದು ಸೇರಿಸಿ ದವಡೆಯ ನೆರಳನ್ನು ತಿದ್ದಿದೆ. ಕೆನ್ನೆ ಮುಟ್ಟಲೇ ಇಲ್ಲ, ಅರ್ಧ ರೋಗ ವಾಸಿ.

ಉಳಿದರ್ಧಕ್ಕೆ ಗ್ಲೇಜ್, ಅಂದರೆ ತೆಳ್ಳನೆ ಪಾರದರ್ಶಕ ಪದರ. ಕೆನ್ನೆಯನ್ನು ಮಂಕು ಓಕರ್‌ನಲ್ಲಿ ಮುಗಿಸಿ, ಚೆನ್ನಾಗಿ ಒಣಗಿದ ಮೇಲೆ ಕ್ವಿನಾಕ್ರಿಡೋನ್ ಕೆಂಪನ್ನು ಎಣ್ಣೆಯಲ್ಲಿ ತೆಳುಮಾಡಿ ಸವರಿ, ಹೆಬ್ಬೆರಳಲ್ಲಿ ಒರೆಸಿದೆ. ಉಬ್ಬಿನಲ್ಲಿ ಬಣ್ಣ ಹೋಯಿತು, ಸುಕ್ಕಿನ ಗೆರೆಗಳಲ್ಲಿ ನಿಂತಿತು. ಅದೇ ಬೇಕಿದ್ದದ್ದು.

ಈ ಟ್ಯೂಬಿನದ್ದೇ ಒಂದು ಪುರಾಣ. ಅಂಗಡಿಯಲ್ಲಿ ಕ್ವಿನಾಕ್ರಿಡೋನ್‌ನ ಸಂಕೇತ ಪಿವಿ19 ಹೇಳಿ ಕೇಳಿದ್ದೆ. ಬಂದದ್ದು 'ಅಲಿಜರಿನ್', ಟ್ಯೂಬಿನ ಹಿಂದೆ ನೋಡಿದರೆ ಸಂಕೇತ ಪಿಆರ್83, ಬೆಳಕಿಗೆ ಮಾಸುವ ಮಾಲು. ವಾಪಸ್ ಮಾಡಲು ಹೋದರೆ "ಎರಡೂ ಕೆಂಪೇ ಅಲ್ವಾ ಸಾರ್" ಅಂದರು ಅಂಗಡಿಯವರು. ಸರಿಯಾದದ್ದು ಬರಲು ಮೂರು ವಾರ ಹಿಡಿಯಿತು, ಅದರ ಮುಚ್ಚಳವೋ ಇಕ್ಕಳಕ್ಕೂ ಜಗ್ಗಲಿಲ್ಲ.

ಕಾಯುವ ಹೊತ್ತಲ್ಲಿ ತಲೆ ಸ್ಪಿತಿಯದೇ ಟಾಬೋ ಎಂಬ ಬೌದ್ಧ ಮಠದ ಕಡೆ ಓಡಿತು. 996ರಲ್ಲಿ ಕಟ್ಟಿದ ಮಠ, ಮಣ್ಣಿನ ಗೋಡೆಯ ಮೇಲೆ ಚಿತ್ರಗಳು. ಮುಂದಿನ ಮುಖವನ್ನು ಎಣ್ಣೆಯಲ್ಲಿ ಮಾಡಲಾರೆ: ಮಣ್ಣು ಮೆತ್ತಿದ ಹಲಗೆ, ಖನಿಜ ಬಣ್ಣ, ಚರ್ಮದ ಅಂಟು. ಅಂಟು ನೆನೆಹಾಕಿಯೂ ಆಯಿತು; ವಾಸನೆಗೆ ಮನೆಯವರು ಕಿಟಕಿ ಮುಚ್ಚುತ್ತಿಲ್ಲ.

ಅಜ್ಜಿಯ ಕಿವಿಯ ಫಿರೋಜಾ ಹರಳು ಇನ್ನೂ ಬಾಕಿ. ಅದಕ್ಕೆ ಬೇಕಾದ ಥ್ಯಾಲೋ ಗ್ರೀನ್ ಎಂಬ ಗಾಢ ಹಸಿರು ಮುಟ್ಟಿದರೆ ಮೊಣಕೈವರೆಗೂ ಹತ್ತುತ್ತದೆ, ಅದಕ್ಕೇ ಮುಂದೂಡುತ್ತಿದ್ದೇನೆ.